ಅಮ್ಮನ ವಯಸ್ಸು ಕೇಳಿದ ಗಿರಾಕಿ

ತಮ್ಮಾ,

ನಾನು ಬೇಕರಿಗೆ ಹೊರಟೆ. ಎದ್ದ ಕೂಡಲೇ ಇದನ್ನು ಓದು. ಮುಖ ಆಮೇಲೆ ತೊಳೆದುಕೋ, ಹೇಗೂ ಆ ಮುಖ ನೋಡಿದರೆ ನನಗೆ ವಾಕರಿಕೆ ಬರುತ್ತದೆ.

ನಿನ್ನೆ ಮನೆ ತೋರಿಸಲು ಒಬ್ಬ ಗಿರಾಕಿಯನ್ನು ಕರೆತಂದೆಯಲ್ಲ, ಅವನು "ತಾಯಿಯವರಿಗೆ ಎಷ್ಟು ವಯಸ್ಸು?" ಅಂದ. ನೀನು ಹಲ್ಲು ಕಿಸಿದು "ಎಪ್ಪತ್ತೆಂಟು, ಬಿಪಿ ಬೇರೆ ಇದೆ, ಬಹಳ ಕಾಯಬೇಕಾಗಿಲ್ಲ ಬಿಡಿ" ಅಂದೆ. ಅಮ್ಮ ಟೀ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಇಬ್ಬರೂ ಆ ಟೀ ಕುಡಿದಿರಿ. ಲೋಟಗಳು ಹಾಗೇ ಬಿದ್ದಿವೆ. ನೀನೇ ತೊಳೆ, ನಾನು ಮುಟ್ಟುವುದಿಲ್ಲ.

ಅಪ್ಪನ ವಿಲ್ ಪತ್ರವನ್ನು ಟಿವಿ ಮೇಲಿಟ್ಟಿದ್ದೇನೆ, ಇನ್ನೊಮ್ಮೆ ಓದು. ಅಮ್ಮ ಬದುಕಿರುವಷ್ಟು ಕಾಲ ಈ ಮನೆ ಅವಳದು. ಅವಳ ನಂತರ ನಮ್ಮಿಬ್ಬರದು, ಅದೂ ಸಮಪಾಲು. ನನ್ನ ಸಹಿಯಿಲ್ಲದೆ ಇಡೀ ಮನೆ ಮಾರಲು ನಿನ್ನಿಂದಾಗದು, ನಾನು ಹಾಕುವುದೂ ಇಲ್ಲ. ಆ ಗಿರಾಕಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿಬಿಡು.

ಬೆಳಿಗ್ಗೆ ಬಿಪಿ ಮಾತ್ರೆ ಕೊಡಲು ಹೋದರೆ ಅಮ್ಮ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಬೇಡ ಕಣೇ, ನಿನ್ನ ತಮ್ಮನಿಗೆ ಮನೆ ಬೇಕಂತೆ" ಅಂದಳು. ಕೋಪದಲ್ಲಲ್ಲ, ದಿನಾ ನಿನಗೆ ತಿಂಡಿ ಎತ್ತಿಡು ಅನ್ನುತ್ತಾಳಲ್ಲ, ಅದೇ ದನಿಯಲ್ಲಿ.

ಮಾತ್ರೆಯನ್ನು ಈ ಚೀಟಿಯ ಮೇಲೆಯೇ ಇಟ್ಟಿದ್ದೇನೆ. ನನ್ನ ಕೈಯಿಂದ ಅವಳು ತೆಗೆದುಕೊಳ್ಳುವುದಿಲ್ಲ. ನೀನೇ ಕೊಡು. ಅವಳು ನುಂಗುವವರೆಗೂ ಎದುರಿಗೇ ಕೂತಿರು.

ಅಕ್ಕ