ಜೀವವಿರುವ ಔಷಧಿ

ಮಾರ್ಚ್ ೯, ಭಾನುವಾರ
ಮೂಳೆ ವಾರ್ಡಿನ ಹೊರಗಿನ ಬೆಂಚಿನಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ನಿದ್ದೆಗೆಡುತ್ತೀಯ. ಅದಕ್ಕೇ ಆ ಮಾತು ಬಿಟ್ಟು ಮುಂದೆ ಹೋಗುತ್ತೇನೆ. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲವೆಂದು ಮನಸ್ಸಿಗೆ ಬಂದಷ್ಟು ಬೈದುಕೋ. ಎಷ್ಟೋ ಸಲ ಶುರು ಮಾಡಿ ಹರಿದುಹಾಕಿದೆ. ಫೋನ್ ಮಾಡಿದರೆ ನೀನು "ಹೂಂ, ಹೂಂ" ಅಂದು ಇಟ್ಟುಬಿಡುತ್ತೀಯ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಹೋದ ವರ್ಷ ಭಾವ ತೀರಿಕೊಂಡ ಆಸ್ಪತ್ರೆಯಿಂದಲೇ ತಾನೇ ನಾನು ಮಾತಾಡುವುದು. ನೀನು ನೋಡಲು ಬರಲಿಲ್ಲವೆಂದು ಇವರಾಗಲಿ ನಾನಾಗಲಿ ಒಂದು ದಿನವೂ ಅಂದುಕೊಂಡಿಲ್ಲ.

ಇವರು ಲಿಫ್ಟ್ ರಿಪೇರಿಗೆ ಹೋಗಿ ಬಿದ್ದದ್ದು, ಮೊಣಕಾಲ ಕೆಳಗಿನ ಮೂಳೆ ಮುರಿದು ರಾಡ್ ಹಾಕಿದ್ದು ನಿನಗೆ ಗೊತ್ತು. ಆಮೇಲೆ ಆ ರಾಡಿನ ಸುತ್ತ ಕೀವು ಕಟ್ಟಿತು. ರಾಡ್ ತೆಗೆದರು, ಗಾಯ ತೊಳೆದರು, ಒಂದಾದ ಮೇಲೊಂದು ಆಂಟಿಬಯಾಟಿಕ್ ಕೊಟ್ಟರು. ಆ ಬ್ಯಾಕ್ಟೀರಿಯಾ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೆ ಮೂಳೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಸೋಂಕು ಮೇಲಕ್ಕೆ ಹತ್ತೋಕೆ ಮುಂಚೆ ಕಾಲು ತೆಗೆದುಬಿಡೋದು ಒಳ್ಳೇದಮ್ಮ" ಎಂದರು. ದಿನವೂ ಏಣಿ ಹತ್ತಿ ಇಳಿಯುವ ಮನುಷ್ಯನಿಗೆ ಕಾಲು ಹೋದರೆ ಉಳಿಯುವುದೇನು ಹೇಳು. ಇವರಿಗೆ ತಿಳಿಸಿದೆ. "ಬಿಡು, ಚಪ್ಪಲಿ ಅರ್ಧದಷ್ಟು ಸವೆಯುತ್ತೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಊಟದ ತಟ್ಟೆ ಹಾಗೇ ವಾಪಸು ಹೋಯಿತು.

ಆಗಲೇ ಲ್ಯಾಬಿನ ಡಾಕ್ಟರಮ್ಮ ಬಂದದ್ದು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಜೇಬಿನಲ್ಲಿ ಹುಡುಕುವ ಹೆಂಗಸು. "ಬ್ಯಾಕ್ಟೀರಿಯಾನ ಕೊಲ್ಲೋ ವೈರಸ್ ಅಂತ ಇರುತ್ತೆ. ಅದನ್ನ ಗಾಯದೊಳಗೆ ಬಿಟ್ಟು ನೋಡೋಣ್ವಾ?" ಎಂದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ ಅಕ್ಕ. ವೈರಸ್ ಎಂದರೆ ಕಾಯಿಲೆ ತಾನೇ? ಒಂದನ್ನು ಓಡಿಸಲು ಇನ್ನೊಂದನ್ನು ನಾವಾಗಿ ಒಳಗೆ ಕರೆಯುವುದೇ? "ಅದು ಮನುಷ್ಯರ ತಂಟೆಗೆ ಬರಲ್ಲಮ್ಮ. ಆ ಒಂದು ಜಾತಿ ಬ್ಯಾಕ್ಟೀರಿಯಾ ಬಿಟ್ರೆ ಅದಕ್ಕೆ ಬೇರೇನೂ ಬೇಡ. ಅದರೊಳಗೆ ಹೊಕ್ಕು, ಮರಿ ಹಾಕಿ, ಅದನ್ನೇ ಒಡೆದುಕೊಂಡು ಹೊರಗೆ ಬರುತ್ತೆ" ಎಂದು ಸಮಾಧಾನವಾಗಿ ಹೇಳಿದಳು. ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಎಲ್ಲಿಂದ ತರ್ತೀರಿ ಎಂದು ಕೇಳಿಬಿಟ್ಟೆ. "ಚರಂಡಿ ನೀರಿಂದ" ಎಂದಳು.

ನನ್ನ ಸ್ವಭಾವ ನಿನಗೆ ಹೊಸದಲ್ಲ. ಲಾಂಡ್ರಿ ಇಟ್ಟ ದಿನದಿಂದ ಹೋಟೆಲಿನವರ ಹಾಸಿಗೆ ಬಟ್ಟೆಯನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿ ತೆಗೆದವಳು. ಬಾಗಿಲ ಚಿಲಕ ಮುಟ್ಟಿದರೂ ಕೈ ತೊಳೆಯುತ್ತೇನೆಂದು ಭಾವ ನನ್ನನ್ನು 'ಸೋಪಮ್ಮ' ಎಂದು ಕರೆಯುತ್ತಿದ್ದರು. ಅಂಥವಳ ಗಂಡನ ಮೂಳೆಗೆ ಚರಂಡಿ. ಸೋಸಿ ಶುದ್ಧ ಮಾಡಿರುತ್ತೇವೆ, ಕೊಳಕೇನೂ ಇರುವುದಿಲ್ಲ ಎಂದು ಆಕೆ ಭರವಸೆ ಕೊಟ್ಟಳು. ವಾಸಿಯಾಗುತ್ತದೆಂದು ಮಾತ್ರ ಭರವಸೆ ಕೊಡಲಿಲ್ಲ. "ಏನ್ರೀ ಮಾಡೋದು?" ಎಂದು ಇವರನ್ನು ಕೇಳಿದೆ. "ಕಾಲು ಹೇಗಿದ್ರೂ ಹೋಗೋದೇ ಅಂತಾರೆ. ಅದನ್ನೂ ಒಂದು ಸಲ ನೋಡಿಕೊಂಡು ಹೋಗಲಿ" ಎಂದರು. ಒಪ್ಪಿಕೊಂಡೆವು.

ಇನ್ನು ನನ್ನ ಪ್ರತಾಪ ಕೇಳು. ಗಾಯದೊಳಕ್ಕೆ ಒಂದು ಸಣ್ಣ ನಳಿಕೆ ಇಟ್ಟಿದ್ದರು. ನರ್ಸ್ ಆ ವೈರಸ್ಸಿನ ನೀರನ್ನು ಅದರಲ್ಲಿ ಬಿಟ್ಟು ಆಚೆ ಹೋದಳು. ನೋಡಲು ಬರೀ ನೀರು. ನನ್ನ ಕೈ ಸುಮ್ಮನಿರಲಿಲ್ಲ. ಎಷ್ಟು ಸೋಸಿದರೂ ಚರಂಡಿ ಚರಂಡಿಯೇ ಎಂದುಕೊಂಡು, ಡ್ರೆಸ್ಸಿಂಗ್ ಟ್ರೇಯಲ್ಲಿದ್ದ ಕಂದು ಬಣ್ಣದ ಆಂಟಿಸೆಪ್ಟಿಕ್ಕನ್ನು ಅದೇ ನಳಿಕೆಗೆ ಒಂದಿಷ್ಟು ಬಿಟ್ಟೆ. ಡಾಕ್ಟರಮ್ಮ ಬಂದವಳು ಕಲೆ ನೋಡಿ ಹಣೆ ಹಿಡಿದುಕೊಂಡು ಕೂತಳು. "ಔಷಧೀನೇ ಕೊಂದುಬಿಟ್ರಲ್ಲಮ್ಮ" ಎಂದಳು. ಔಷಧಿಗೆ ಜೀವ ಇರುತ್ತದೆಂದು ನನಗೆ ಯಾರಾದರೂ ಹೇಳಿದ್ದರೇ? ಇವರಂತೂ ಬಿದ್ದು ಬಿದ್ದು ನಕ್ಕರು. "ಬ್ಯಾಕ್ಟೀರಿಯಾಗೆ ನೀನು ಯಾವ ಜನ್ಮದ ತಂಗೀನೋ" ಎಂದರು. ಅಂದಿನಿಂದ ನರ್ಸ್ ನನ್ನನ್ನು ಹೊರಗೆ ಕೂರಿಸಿಯೇ ಔಷಧಿ ಬಿಡುವುದು. ಈ ಬೆಂಚು ನನಗೆ ಕಾಯಂ ಆಯಿತು.

ಮತ್ತೆ ಹೊಸದಾಗಿ ಶುರು ಮಾಡಿದರು. ನಿಧಾನವಾಗಿ ಜ್ವರ ಇಳಿಯಿತು. ಕೀವು ಕಡಿಮೆಯಾಯಿತು. ಮೊದಲು ನಾಟದಿದ್ದ ಆಂಟಿಬಯಾಟಿಕ್ ಕೂಡ ಈಗ ಜೊತೆಯಲ್ಲಿ ನಾಟುತ್ತಿದೆಯಂತೆ. ಮೊನ್ನೆ ಮೂಳೆ ಡಾಕ್ಟರು ಗಾಯವನ್ನು ಬಗ್ಗಿ ನೋಡಿ, "ಸದ್ಯಕ್ಕೆ ಕಾಲು ತೆಗೆಯೋ ಮಾತು ಬೇಡ" ಎಂದರು. ನಾನು ಹೊರಗೆ ಬಂದು ಕಾರಿಡಾರಿನ ಕೊನೆಯವರೆಗೂ ನಡೆದುಹೋದೆ, ಯಾಕೆ ಹೋದೆನೆಂದು ತಿಳಿಯದೆ ವಾಪಸು ಬಂದೆ.

ಉಪಕಾರ ಹೇಳೋಣವೆಂದು ಲ್ಯಾಬಿಗೆ ಹೋದೆ. ಡಾಕ್ಟರಮ್ಮ ಒಂದು ಗಾಜಿನ ತಟ್ಟೆ ತೋರಿಸಿದಳು. ಕನ್ನಡಿಗೆ ಉಸಿರು ಬಿಟ್ಟ ಹಾಗೆ ಬ್ಯಾಕ್ಟೀರಿಯಾ ಮಬ್ಬಾಗಿ ಹಬ್ಬಿತ್ತು. ನಡುನಡುವೆ ತಿಳಿಯಾದ ಚುಕ್ಕೆಗಳು. ಅಲ್ಲೆಲ್ಲ ವೈರಸ್ ಅದನ್ನು ತಿಂದು ಮುಗಿಸಿದೆಯಂತೆ. ಆದರೆ ಬ್ಯಾಕ್ಟೀರಿಯಾ ಪೂರ್ತಿ ಮುಗಿದರೆ ವೈರಸ್ಸೂ ಬೆಳೆಯುವುದಿಲ್ಲವಂತೆ. ಇದು ಬೇಕೆಂದರೆ ಲ್ಯಾಬಿನಲ್ಲಿ ಅದಕ್ಕೂ ಅನ್ನ ಹಾಕಿ ಸಾಕಬೇಕು. ಕೊಳಕು ಯಾವುದು, ಔಷಧಿ ಯಾವುದು, ಯಾರನ್ನು ಬೈಯಬೇಕು, ಯಾರಿಗೆ ಕೈಮುಗಿಯಬೇಕು ಎಂಬುದೇ ನನಗೀಗ ತಿಳಿಯುತ್ತಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಸ್ಟೌ ಮುಂದೆ ನಿಂತುಕೊಂಡೇ ತಿಂದು ಮುಗಿಸಬೇಡ, ಕೂತು ತಿನ್ನು. ನಿನ್ನ ಮಗಳಿಗೆ ನನ್ನ ಆಶೀರ್ವಾದ ಹೇಳು. ಕೇಳಿಸಿಕೊಳ್ಳದಿದ್ದರೆ ಕಿವಿ ಹಿಂಡಿ ಹೇಳು. ದೊಡ್ಡವಳಾಗಿ ನೀನು ನಮ್ಮಿಬ್ಬರನ್ನೂ ಹರಸು.

ನಿನ್ನ ತಂಗಿ

ತಾ.ಕ.: ಇಷ್ಟೆಲ್ಲ ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ಸರಿಹೊಂದುವ ವೈರಸ್ ಹುಡುಕಲು ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಇವರಿಗೆ ಅಷ್ಟು ಬೇಗ ಹೇಗೆ ಸಿಕ್ಕಿತೆಂದು ನಾನು ಡಾಕ್ಟರಮ್ಮನನ್ನು ಕೇಳಿದೆ. "ಇದು ಹೋದ ವರ್ಷ ಇನ್ನೊಬ್ಬರಿಗೋಸ್ಕರ ಹುಡುಕಿದ್ದಮ್ಮ. ಹೊಟ್ಟೆ ಆಪರೇಷನ್ ಆಗಿತ್ತು ಅವರಿಗೆ. ಸೀಸೆ ಹಿಡ್ಕೊಂಡು ವಾರ್ಡಿಗೆ ಹೋದೆ, ಹಾಸಿಗೆ ಖಾಲಿ ಇತ್ತು" ಎಂದಳು. ಯಾವ ವಾರ್ಡು ಎಂದು ಕೇಳಿದೆ. ಯಾವ ತಿಂಗಳು ಎಂದು ಕೇಳಿದೆ. ಭಾವನೇ ಅಕ್ಕ. ಅವರನ್ನು ಬಲಿ ತೆಗೆದುಕೊಂಡ ಬ್ಯಾಕ್ಟೀರಿಯಾವೇ ಇವರ ಕಾಲಿಗೂ ಹತ್ತಿದ್ದು. ಆಕೆ ಅದನ್ನು ಅಂದಿನಿಂದ ಫ್ರೀಜರಿನಲ್ಲಿ ಜೀವಂತ ಇಟ್ಟಿದ್ದಾಳೆ. ಇವರ ಔಷಧಿ ಬೆಳೆಯುವುದು ಅದರ ಮೇಲೆಯೇ. ನಾನು ನೋಡಿದ ತಟ್ಟೆಯಲ್ಲಿ ಇದ್ದದ್ದು ಅದೇ.

ಅದನ್ನು ಕೇಳಿ ನಾನು ಅತ್ತುಬಿಟ್ಟೆ ಎಂದುಕೊಳ್ಳಬೇಡ. ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು, ಸದ್ಯ, ಭಾವನಿಗೆ ಮೊದಲು ಬಂತು ಎಂದು. ಇವರಿಗೆ ಮೊದಲು ಬಂದಿದ್ದರೆ ಸೀಸೆ ಹಿಡಿದು ಆಕೆ ಇವರ ಖಾಲಿ ಹಾಸಿಗೆಗೆ ಬರುತ್ತಿದ್ದಳು. ಹಾಗೇ ಅನ್ನಿಸಿತು ಅಕ್ಕ, ಈಗಲೂ ಅನ್ನಿಸುತ್ತಿದೆ, ತೊಳೆದರೂ ಹೋಗುತ್ತಿಲ್ಲ. ಇವರಿಗೆ ಇನ್ನೂ ಹೇಳಿಲ್ಲ. ಮುಂದಿನ ವಾರ ಇವರನ್ನು ಎಬ್ಬಿಸಿ ನಿಲ್ಲಿಸುತ್ತಾರಂತೆ. ನೀನು ಬಂದು ನೋಡು ಎಂದು ಕರೆಯಬೇಕೋ, ಬರಬೇಡ ಎಂದು ಕೈಮುಗಿಯಬೇಕೋ, ನೀನೇ ಹೇಳು.