ಇಲ್ಲದ ತಟ್ಟೆಯಲ್ಲಿ ಅವ್ವನಿಗೊಂದು ಜಾಗ

ಕರಿಗುಡ್ಡದ ಗವಿ,
ಇಸವಿ ಎರಡು ಸಾವಿರದ ಆರುನೂರ ನಲವತ್ತು, ಹದಿಮೂರನೆಯ ತಿಂಗಳು, ತಾರೀಖು ಮೂವತ್ತೆರಡು.

ಹಿಂದಿನವರಿಗೆ ಹುಲಿಗೆವ್ವನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಮುತ್ತಜ್ಜಂದಿರು ವರ್ಷವನ್ನೇ ಹಿಗ್ಗಿಸಿದರಂತೆ. ಹೇಗೆ ಹಿಗ್ಗಿಸಿದರು, ಸೂರ್ಯ ಅದಕ್ಕೆ ಒಪ್ಪಿದನೇ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಗವಿಯಲ್ಲಿರುವ ನಿಮ್ಮ ಚಿತ್ರಗಳ ಮೇಲಿನ ಬರಹದಿಂದ. ಅವುಗಳಲ್ಲಿ ಮುಕ್ಕಾಲು ಪಾಲು ಗುಲಾಬಿ ಹೂವು, ಅದರ ಮೇಲೆ 'ಶುಭೋದಯ'. ದಿನಾ ಬೆಳಿಗ್ಗೆ ಎಲ್ಲರೂ ಎಲ್ಲರಿಗೂ ಅದನ್ನೇ ಯಾಕೆ ಕಳಿಸುತ್ತಿದ್ದಿರಿ? ಕಳಿಸದಿದ್ದರೆ ಬೆಳಗಾಗುತ್ತಿರಲಿಲ್ಲವೇ? ಕಾರಣ ತಿಳಿಯದ ಮೇಲೆ ಕೈ ಹಚ್ಚುವುದು ಬೇಡವೆಂದು ನಮ್ಮ ಹಿರಿಯರು ಅಳಿಸುವ ಸೌಕರ್ಯವನ್ನೇ ಕಿತ್ತು ಹಾಕಿದ್ದಾರೆ. ಹಾಗಾಗಿ ಎಲ್ಲವೂ ಇದೆ.

ನಾನು ಇಲ್ಲಿ ತಟ್ಟೆ ಕಾಯುವವಳು. ಊಟದ ತಟ್ಟೆಯಲ್ಲ, ನೀವು ಹಾರ್ಡ್ ಡಿಸ್ಕ್ ಅನ್ನುತ್ತಿದ್ದಿರಲ್ಲ, ಅದು. ನಮ್ಮ ಸೀಮೆಯಲ್ಲಿ ಬಿಸಿಲು ಏರುವ ಮೊದಲೇ ಹೊರಗಿನ ಕೆಲಸ ಮುಗಿಯಬೇಕು. ಹೆಂಗಸರು ರಾತ್ರಿಯಿಡೀ ಆರದ ಬಂಡೆಯ ಮೇಲೆಯೇ ಜೋಳದ ರೊಟ್ಟಿ ಸುಟ್ಟುಕೊಂಡು ಬರುತ್ತಾರೆ, ಗಂಡಸರು ಸಮುದ್ರದಿಂದ ಬರುವ ಕೊಳವೆಯ ನೀರು ಹಿಡಿದು ತರುತ್ತಾರೆ, ಆಮೇಲೆ ಊರಿಗೆ ಊರೇ ಗವಿಯೊಳಗೆ ಮಧ್ಯಾಹ್ನದ ನಿದ್ದೆಗೆ ಬಂದು ಸಾಲಾಗಿ ಮಲಗುತ್ತದೆ. ಗವಿಯನ್ನು ತಣ್ಣಗಿಟ್ಟಿರುವುದು ತಟ್ಟೆಗಳಿಗಾಗಿ; ಅವುಗಳ ಪುಣ್ಯದಿಂದ ನಮಗೂ ತಂಪು. ಮನೆತನಕ್ಕೊಂದು ತಟ್ಟೆ. ಮದುವೆಯಾಗಿ ಬಂದ ಸೊಸೆ ಮೊದಲು ಆ ಮನೆಯ ತಟ್ಟೆಯ ಹೊರ ಕವಚಕ್ಕೆ ಅರಿಶಿನ ಹಚ್ಚಿ ಕೈ ಮುಗಿಯಬೇಕು, ಆಮೇಲೆ ಗಂಡನ ಮನೆಯ ಹೊಸ್ತಿಲು. ಸತ್ತ ಹಿರಿಯರ ಮುಖ, ದನಿ, ಹಾಡು ಎಲ್ಲ ತಮ್ಮ ತಟ್ಟೆಯೊಳಗೇ ಇವೆ ಎಂದು ಜನ ನಂಬಿದ್ದಾರೆ.

ಅದು ಸುಳ್ಳು ಎಂದು ನನಗೆ ಕಲಿಸಿದ್ದಾರೆ. ಹಾಗಾದರೆ ನಿಜ ಏನು ಎಂಬುದು ಮಾತ್ರ ಇನ್ನೂ ನನ್ನ ತಲೆಗೆ ಪೂರ್ತಿ ಹೋಗಿಲ್ಲ. ಇದು ರೇಡ್ ಎಂಬ ಪದ್ಧತಿಯಂತೆ. ಒಬ್ಬರ ದನಿ ಕೊಟ್ಟರೆ ಅದು ಚೂರುಚೂರಾಗಿ ಎಲ್ಲ ತಟ್ಟೆಗಳ ಮೇಲೂ ಹಂಚಿಹೋಗುತ್ತದೆ, ಜೊತೆಗೆ ತಾಳೆ ನೋಡಲು ಒಂದು ಚೂರು ಹೆಚ್ಚಿಗೆ ಬೀಳುತ್ತದೆ. ಒಂದು ತಟ್ಟೆ ಸತ್ತರೆ, ಉಳಿದವು ತಮ್ಮಲ್ಲಿರುವುದನ್ನು ಕೂಡಿಸಿ ಕಳೆದು ಸತ್ತದ್ದರ ಪಾಲನ್ನು ಮತ್ತೆ ಕಟ್ಟಿಕೊಡುತ್ತವೆ. ಎರಡು ಒಟ್ಟಿಗೆ ಸತ್ತರೆ ಎಲ್ಲರದೂ ಹೋಯಿತು. ನಮ್ಮ ಕಣ್ಣಿಗೆ ಚೂರುಗಳು ಕಾಣುವುದಿಲ್ಲ. ಎಲ್ಲ ಸೇರಿ ಒಂದೇ ದೊಡ್ಡ ತಟ್ಟೆಯಂತೆ ಕಾಣುತ್ತವೆ. ಅಂಥ ತಟ್ಟೆ ಎಲ್ಲೂ ಇಲ್ಲ. ನಿಮ್ಮವರು ವರ್ಚುವಲ್ ಡಿಸ್ಕ್ ಎಂದರು, ನಾವು ಇಲ್ಲದ ತಟ್ಟೆ ಅನ್ನುತ್ತೇವೆ. ಇರುವುದನ್ನೆಲ್ಲ ಇಲ್ಲದ್ದರೊಳಗೆ ಇಟ್ಟು ನಿಶ್ಚಿಂತೆಯಿಂದ ಮಲಗುತ್ತೇವೆ ನೋಡಿ! ಇವುಗಳಲ್ಲಿ ಒಂದು ತಟ್ಟೆ ನಿಮ್ಮ ಕಾಲದ್ದು. ಈ ಪತ್ರದ ಚೂರೂ ಅದರ ಮೇಲೆ ಬೀಳುತ್ತದೆ, ಆದ್ದರಿಂದ ನಿಮಗೆ ಸಿಕ್ಕೀತು ಅಂದುಕೊಂಡು ಬರೆಯುತ್ತಿದ್ದೇನೆ. ಈ ತರ್ಕ ಸರಿಯೋ ತಪ್ಪೋ ಗೊತ್ತಿಲ್ಲ.

ಈ ವರ್ಷ ಇಲ್ಲದ ತಟ್ಟೆ ತುಂಬಿಹೋಯಿತು. ಅದೇ ಹೊತ್ತಿಗೆ ನಮ್ಮವ್ವ ದುರುಗವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ತೇಲುಗಾಡಿಯಲ್ಲಿ ಬಂದ ವೈದ್ಯೆ, ಗಡ್ಡೆ ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಇರುವ ದನಿಯನ್ನು ಅಲ್ಲಿಯವರೆಗೆ ಜೋಪಾನ ಮಾಡಿ, ಮಾತು ಹೆಚ್ಚಾದರೆ ಮೊದಲೇ ಹೋದೀತು ಎಂದೂ ಎಚ್ಚರಿಸಿದರು. ನಮ್ಮವ್ವನಿಗೆ ಮಾತಾಡಬೇಡ ಅನ್ನುವುದು! ಊರಲ್ಲಿ ಯಾರ ಮನೆಯ ಬಾಗಿಲು ಮುಚ್ಚಿದ್ದರೂ ಹೊರಗೆ ನಿಂತು ವಿಚಾರಿಸುವವಳು ಅವಳು. ನನ್ನನ್ನು ಬೈಯದೆ ಅವಳಿಗೆ ತುತ್ತು ಇಳಿದದ್ದೇ ಇಲ್ಲ. ನಿಮ್ಮ ಹಾಗೆ ದನಿ ಹಿಡಿಯುವ ಪುಟ್ಟ ಯಂತ್ರ ನಮ್ಮ ಕೈಯಲ್ಲಿಲ್ಲ. ಮಾತು ನೇರ ಗವಿಗೇ ಸೇರಬೇಕು. ಗವಿಯಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ.

ಆಗ ಅಮರೇಗೌಡ ಬಂದ. ಅಣ್ಣತಮ್ಮಂದಿರಿಂದ ಬೇರೆಯಾಗಿ ಹೊಸ ಮನೆ ಹೂಡಿದವನು, ಹೊಸ ಮನೆತನಕ್ಕೆಂದು ಹೊಸ ತಟ್ಟೆ ತಂದಿದ್ದ. ಉಳಿದವುಗಳಿಗಿಂತ ಎಷ್ಟೋ ಪಟ್ಟು ದೊಡ್ಡದು. ನನಗೆ ಹೋದ ಜೀವ ಬಂದಂತಾಯಿತು. ತಟ್ಟೆಯನ್ನು ಸಾಲಿಗೆ ಸೇರಿಸಿದೆ. ಸೇರಿಸಿದೊಡನೆ ಜಾಗವೇನೂ ಆಗುವುದಿಲ್ಲ; ಹಳೆಯ ಚೂರುಗಳೆಲ್ಲ ಹೊಸದನ್ನೂ ಒಳಗೊಂಡು ಮತ್ತೆ ಹಂಚಿಕೊಳ್ಳಬೇಕು. ಅದಕ್ಕೆ ದಿನಗಟ್ಟಲೆ ಬೇಕು. ಹಂಚಿಕೆ ಮುಗಿದ ಮೇಲೆ, ಇನ್ನು ಹಿಗ್ಗು ಎಂದು ಇಲ್ಲದ ತಟ್ಟೆಗೆ ಬೇರೆಯಾಗಿ ಹೇಳಬೇಕು. ಅಷ್ಟರವರೆಗೆ ತಟ್ಟೆಗಳನ್ನು ನಡೆಸುವ ಯಂತ್ರದ ಒಂದು ಫಲಕ ಜಾಗ ಬರುತ್ತಿದೆ ಅನ್ನುತ್ತದೆ, ಇನ್ನೊಂದು ಫಲಕ ತುಂಬಿದೆ ಅನ್ನುತ್ತದೆ. ಎರಡೂ ನಿಜವಂತೆ. ನಾನು ಎರಡರ ನಡುವೆ ಕೂತು ತಲೆ ಕೆರೆದುಕೊಳ್ಳುತ್ತಿದ್ದೆ.

ಅಮರೇಗೌಡನಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಸಾಲಿನಲ್ಲಿ ಎಲ್ಲಕ್ಕಿಂತ ಸಣ್ಣ ತಟ್ಟೆ ಎಷ್ಟಿದೆಯೋ, ಪ್ರತಿ ತಟ್ಟೆಯಿಂದಲೂ ಅಷ್ಟನ್ನೇ ಈ ಪದ್ಧತಿ ಲೆಕ್ಕಕ್ಕೆ ಹಿಡಿಯುತ್ತದೆ. ಆ ಸಣ್ಣದು ನಿಮ್ಮ ಕಾಲದ್ದು. "ನಮ್ ತಟ್ಟಿ ಇಷ್ಟ್ ದೊಡ್ಡದೈತಿ, ಸಣ್ಣದು ಅಂತ ಯಾಕ ತೋರಸ್ತೈತಿ? ಉಳಿದದ್ದು ಯಾರು ನುಂಗಿದ್ರು?" ಎಂದ. ಯಾರೂ ನುಂಗಿಲ್ಲ, ಖಾಲಿ ಬಿದ್ದಿರುತ್ತದೆ ಎಂದೆ. "ಅಂದ್ರ ನಮ್ಮನಿತನ ಆ ಮುದಿ ತಟ್ಟಿಗೆ ಸಮ ಅಂತೀಯೇನ?" ಎಂದವನೇ, ಹಂಚಿಕೆ ನಡೆದಿರುವಾಗಲೇ ತನ್ನ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡು ಮನೆಗೆ ಹೋಗಿ ದೇವರ ಜಗಲಿಯ ಮೇಲೆ ಇಟ್ಟ. ಅವನ ಮಟ್ಟಿಗೆ ಅದು ಅವನದು. ಕೋಪ ಬಂದ ಮಗಳು ತವರಿಗೆ ಬಂದಹಾಗೆ ತಟ್ಟೆಯೂ ಬಂದಿದೆ, ಅಷ್ಟೆ.

ಗವಿಯಲ್ಲಿ ಕೆಂಪು ದೀಪ ಹತ್ತಿತು. ಇನ್ನೊಂದೇ ಒಂದು ತಟ್ಟೆ ಕೈಕೊಟ್ಟಿದ್ದರೂ ಊರಿನ ಹಿರಿಯರೆಲ್ಲ ಎರಡನೇ ಸಲ ಸತ್ತಂತೆ. ನಾನು ಓಡಿಹೋಗಿ ಬೇಡಿಕೊಂಡೆ. ನನಗೆ ಮಾತು ಬರುವುದಿಲ್ಲ. ಚೂರು, ಹಂಚಿಕೆ ಎಂದು ಏನೋ ತೊದಲಿದೆ. ಅವನು ಬಾಗಿಲು ಹಾಕಿಕೊಂಡ. ಅತ್ತುಕೊಂಡು ಮನೆಗೆ ಬಂದೆ, ಅವ್ವ ಎದ್ದು ಹೊರಟೇಬಿಟ್ಟಳು. ಅಡ್ಡ ನಿಂತೆ. ಕಾಲಿಗೂ ಬಿದ್ದೆ.

"ಸರಿ ಆಕಡಿ" ಎಂದವಳೇ ಹೋಗಿ ಅಮರೇಗೌಡನ ಬಾಗಿಲು ಬಡಿದಳು. "ಏ ಅಮರ್ಯಾ, ಹೊರಗ ಬಾ. ನಿನ್ನ ತೊಟ್ಟಿಲ ತೂಗಿದ ಕೈ ಐತಿ ಇದು, ಬಾಗಿಲ ಬಡಿಯಾಕ ನಾಚಿಕಿ ಇಲ್ಲ ನನಗ. ನಿಮ್ಮಪ್ಪನ ದನಿ ಎಲ್ಲೈತಿ ಅಂದ್ಕಂಡೀಯೋ? ಒಂದು ಚೂರು ನಮ್ ತಟ್ಟಿಯಾಗೈತಿ, ಒಂದು ಚೂರು ಕುಂಬಾರರ ತಟ್ಟಿಯಾಗೈತಿ. ನೀ ಎತ್ತಿಗೊಂಡು ಹೋಗಿದ್ದು ನಮ್ಮೆಲ್ಲಾರ ಚೂರು. ಜಗಲಿ ಮ್ಯಾಲ ಇಟ್ಟು ಯಾರಿಗಿ ಪೂಜಿ ಮಾಡ್ತೀ?" ನಾನು ರೊಟ್ಟಿ ತಟ್ಟುತ್ತ ಬಾಯಿಪಾಠ ಮಾಡುತ್ತಿದ್ದುದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಅಲ್ಲಿಗೆ ನಿಲ್ಲಿಸಲಿಲ್ಲ. ಅವನಿಗೆ ಜ್ವರ ಬಂದಾಗ ಓಣಿಯವರು ಸರದಿಯ ಮೇಲೆ ಎತ್ತಿಕೊಂಡು ಕೂತದ್ದು, ಅವನ ಹೆಂಡತಿ ಸಿದ್ದಮ್ಮ ಮೊದಲ ಸಲ ಮಾಡಿದ ಸಾರಿಗೆ ಉಪ್ಪು ಮರೆತದ್ದು, ಎಲ್ಲ ಬಂತು. ಓಣಿಯವರು ನೆರೆದು ನಕ್ಕರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ದನಿ ಒಡೆಯಿತು, ಸಣ್ಣಗಾಯಿತು, ಕಡೆಗೆ ಬರೀ ತುಟಿ ಆಡಿತು. ಮಾತು ನಿಂತಿತಲ್ಲ, ಮುದುಕಿ ಬಿದ್ದಳೋ ಏನೋ ಎಂದು ಗಾಬರಿಯಾಗಿ ಅಮರೇಗೌಡ ಬಾಗಿಲು ತೆರೆದ.

ತಟ್ಟೆ ಗವಿಗೆ ಮರಳಿತು. ಹೊರಗೆ ಹೋಗಿ ಬಂದದ್ದನ್ನು ಯಂತ್ರ ನಂಬಲಿಲ್ಲ, ಪರಕೀಯ ಎಂದಿತು. ಅದರಲ್ಲಿದ್ದುದನ್ನೆಲ್ಲ ಒರೆಸಿ, ಉಳಿದ ತಟ್ಟೆಗಳಿಂದ ಹೊಸದಾಗಿ ಕಟ್ಟಿತು. ಹಂಚಿಕೆ ಮುಗಿಯಿತು. ಹಿಗ್ಗಿಸುವ ಮೊದಲು ಎಲ್ಲದರ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ ಎಂದು ಫಲಕ ಎಚ್ಚರಿಸಿತು. ಬೇರೆಡೆ ಎಂದರೆ ಎಲ್ಲಿ? ನಮಗಿರುವುದು ಇದೊಂದೇ. ಕಣ್ಣು ಮುಚ್ಚಿ ಹೌದು ಎಂದು ಒತ್ತಿದೆ. ಇಲ್ಲದ ತಟ್ಟೆ ಹಿಗ್ಗಿತು. ಅವ್ವನಿಗೆ ಬೇಕಾದಷ್ಟು ಜಾಗ, ಸ್ವಚ್ಛವಾಗಿ, ಖಾಲಿಯಾಗಿ ಬಂದು ಕೂತಿತು. ಗಡ್ಡೆಯನ್ನೂ ತೆಗೆದರು. ಅವ್ವ ಬದುಕಿದ್ದಾಳೆ, ರೊಟ್ಟಿ ನೆನೆಸಿಕೊಂಡು ತಿನ್ನುತ್ತಾಳೆ. ದನಿ ಅವತ್ತು ಅಮರೇಗೌಡನ ಬಾಗಿಲಲ್ಲಿ ಹೋದದ್ದು ಹೋಯಿತು.

ನಿನ್ನೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಮರೇಗೌಡ ದನಿ ಇಡುವ ಕಂಡಿಯ ಮುಂದೆ ಬಂದು ಕೂತ. ಯಾರೂ ಕೇಳಿರಲಿಲ್ಲ. "ಏ ಅಮರ್ಯಾ, ಹೊರಗ ಬಾ" ಎಂದು ತನ್ನನ್ನು ತಾನೇ ಕರೆದುಕೊಂಡ. ತನಗೆ ನೆನಪಿದ್ದಷ್ಟನ್ನು ಅವ್ವನ ಹಾಗೆಯೇ ಏರಿಸಿ ಇಳಿಸಿ ಹೇಳಿದ. ಸಿದ್ದಮ್ಮ ಎದ್ದು ಬಂದು, ಅಲ್ರೀ, ಹಂಗಂದಿಲ್ಲ ಎಂದು ಉಪ್ಪಿನ ಮಾತು ಸೇರಿಸಿದಳು. ಕುಂಬಾರರು ಬಂದರು, ಓಣಿಯವರು ಬಂದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರು. ಅವ್ವ ನಡುವೆ ಕೂತು ಕೇಳಿದಳು. ತಪ್ಪಿದರೆ ಕೈ ಝಾಡಿಸಿದಳು, ಸರಿ ಬಂದಾಗ ತೊಡೆ ತಟ್ಟಿಕೊಂಡು ದನಿಯಿಲ್ಲದೆ ನಕ್ಕಳು. ಕಡೆಗೆ ಒಂದು ಮಾತೂ ಬಿಟ್ಟುಹೋಗಲಿಲ್ಲ, ಎಲ್ಲವೂ ಸೇರಿತು. ಯಂತ್ರವೂ ಪೂರ್ತಿಯಾಗಿದೆ ಎಂದು ಹಸಿರು ದೀಪ ತೋರಿಸಿತು.

ಈಗ ಅದಕ್ಕೆ ಒಂದು ಹೆಸರು ಬರೆಯಬೇಕು. ದುರುಗವ್ವ ಎಂದು ಬರೆದಿದ್ದೇನೆ. ಬರೆದದ್ದು ಸರಿಯೇ? ಹಿಂದಿನವರೇ, ಈ ಪದ್ಧತಿಯನ್ನು ಹುಟ್ಟಿಸಿದವರು ನೀವು, ಬಲ್ಲವರಿದ್ದರೆ ಹೇಳಿ. ಕಳೆದುಹೋದದ್ದನ್ನು ಉಳಿದವರು ಸೇರಿ ಕಟ್ಟಿಕೊಟ್ಟರೆ ಅದು ಅದೇ ಆಗುತ್ತದೆಯೇ? ತಟ್ಟೆಗಳಿಗೆ ಆಗುತ್ತದಂತೆ. ಬೆಳಗಿನಿಂದ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದೇನೆ. ಅವಳ ಮಾತು ಒಂದೂ ಬಿಟ್ಟಿಲ್ಲ, ಸಿಟ್ಟು ಇದೆ, ನಗೆ ಇದೆ. ಅವ್ವ ಪಕ್ಕದಲ್ಲೇ ಕೂತು, ಎಷ್ಟು ಸಲ ಕೇಳುತ್ತೀ ಎಂಬಂತೆ ನನ್ನ ತಲೆಗೆ ಮೊಟಕುತ್ತಿದ್ದಾಳೆ. ಅವಳು ನನ್ನನ್ನು ಬೈಯುವುದು ನನಗೆ ಕೇಳಬೇಕಾಗಿದೆ.