ಮೈಕಿನಲ್ಲಿ ಬಾರದ ಹೆಸರು

ಶುಗರ್ ಲ್ಯಾಂಡ್
ಅಕ್ಟೋಬರ್ 2004

ದೇವಸ್ಥಾನದ ಶ್ರೀಪಾದ ಭಟ್ಟರಿಗೆ ನಮಸ್ಕಾರಗಳು.

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು. ಸ್ಟೇಡಿಯಂ ಮೈಕಿನಲ್ಲಿ ನಮ್ಮ ಚಿನ್ಮಯನ ಹೆಸರು ಕೂಗುತ್ತಲೇ ಇದ್ದರು. ಎದ್ದವಳೇ ದೇವರಿಗೆ ದೀಪ ಹಚ್ಚಿದೆ.

ಆಸ್ಟಿನ್‌ನಲ್ಲಿ ಓದುತ್ತಿದ್ದವನನ್ನು ಅಮೆರಿಕನ್ ಫುಟ್‌ಬಾಲ್ ತಂಡದವರು, ಕಾಲೇಜು ಹುಡುಗರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನ ಕೊನೆಯಲ್ಲಿ ಆರಿಸಿಕೊಂಡಿದ್ದು ನಿಮಗೆ ಗೊತ್ತೇ ಇದೆ. ಚೆಂಡು ಎಸೆಯುವವನ ಮೈಮೇಲೆ ಯಾರೂ ಬೀಳದಂತೆ ಗೋಡೆಯಾಗಿ ನಿಲ್ಲುವುದು ಇವನ ಕೆಲಸ. ಎರಡು ವರ್ಷ ಬೆಂಚಿನಲ್ಲಿ ಕೂರಿಸಿ, ತಿನ್ನಿಸಿ, ಮಗುವಿಗೆ ಕಲಿಸಿದ ಹಾಗೆ ಹೆಜ್ಜೆ ಇಡುವುದನ್ನು ಕಲಿಸಿದರು. ನಾನು ಪೆದ್ದಿ, ಟಿವಿಯಲ್ಲಿ ಮಗನ ಹೆಸರು ಬರಲಿ ಅಂತ ನಿಮ್ಮ ಕೈಲಿ ಅರ್ಚನೆ ಮಾಡಿಸಿದೆ. ಮೊದಲ ಆಟದಲ್ಲೇ ಮತ್ತೆ ಮತ್ತೆ ಬಂತು. ಚಪ್ಪಾಳೆ ಹೊಡೆದೆ.

"ಅಮ್ಮಾ, ಗೋಡೆಯಾಗಿ ನಿಲ್ಲೋರು ತಪ್ಪು ಮಾಡಿದಾಗ ಮಾತ್ರ ನಮ್ಮ ಹೆಸರು ಹೇಳೋದು," ಅಂದ ಫೋನಿನಲ್ಲಿ. "ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸ್ತಾರೆ. ನಿಮ್ಮ ದೇವರಿಗೆ ರೂಲ್ಸ್ ಗೊತ್ತಿಲ್ವಾ?"

ಅದಕ್ಕೇ ಹೋದ ವಾರ, ಹೆಸರು ಬಾರದಿರಲಿ ಅಂತ ಸಂಕಲ್ಪ ಮಾಡಿಸಿದ್ದು. ನೀವು ನಕ್ಕಿರಿ.

ನಿನ್ನೆ ಡಲ್ಲಾಸ್‌ನಲ್ಲಿ ಆಟ. ಟಿವಿ ಮುಂದೆ ಸೆರಗು ಕಚ್ಚಿಕೊಂಡು ಕೊನೆಯವರೆಗೂ ಕೇಳಿದೆ ಭಟ್ಟರೇ, ಒಂದು ಸಲವೂ ನನ್ನ ಮಗನ ಹೆಸರು ಬರಲಿಲ್ಲ. ಚೆಂಡು ಎಸೆಯುವವನ ಬಿಳಿ ಅಂಗಿ ಒಗೆದಿಟ್ಟ ಹಾಗೇ ಇತ್ತು. ಇನ್ನು ಆ ಜಾಗ ಚಿನ್ಮಯನದೇ ಅಂತ ಕೋಚ್ ಹೇಳಿದ್ದಾರೆ.

ಈ ಶನಿವಾರದ ಪ್ರಸಾದ ನಮ್ಮ ಮನೆಯದು. ಅವನ ಗೋತ್ರ, ನಕ್ಷತ್ರ, ಹೆಸರು ದೇವರ ಕಿವಿಗೆ ಮೆಲ್ಲಗೆ ಹೇಳಿದರೆ ಸಾಕು. ಹೇಳುವ ಮುಂಚೆ ಗರ್ಭಗುಡಿಯ ಮೈಕ್ ಆಫ್ ಆಗಿದೆಯಾ ಅಂತ ದಯವಿಟ್ಟು ಇನ್ನೊಂದು ಸಲ ನೋಡಿಬಿಡಿ.

ಇಂತಿ,
ಚಿನ್ಮಯನ ತಾಯಿ ಕೃಷ್ಣವೇಣಿ